ಲಸಿಕೆಯ ಎಲೈಸಾ ಕೈಕೊಟ್ಟಿದೆಯಾ? ಬ್ಯಾಚನ್ನು ಬೈಯುವ ಮುಂಚೆ ಇಷ್ಟು ನೋಡಿ

ಸಂಜೆ ನಾಲ್ಕೂವರೆ. ಕೋಲಾರಕ್ಕೆ ಹೋಗುವ ಶಿಫ್ಟ್ ಬಸ್ಸಿಗೆ ಇನ್ನು ಮುಕ್ಕಾಲು ಗಂಟೆ ಇತ್ತು. ಲಸಿಕೆಯ ಶಕ್ತಿ ಅಳೆಯುವ ಎಲೈಸಾ ಪರೀಕ್ಷೆಯ ಪ್ಲೇಟಿಗೆ ಬಣ್ಣ ಬರಿಸುವ ದ್ರವ, ಅಂದರೆ ಸಬ್‌ಸ್ಟ್ರೇಟ್ ಹಾಕಿ ಹದಿನೈದು ನಿಮಿಷ ಆಗಿದ್ದರೂ ಒಂದು ವೆಲ್ಲಿನಲ್ಲೂ (ಪ್ಲೇಟಿನ ಪುಟ್ಟ ಗುಳಿ) ನೀಲಿ ಇಲ್ಲ. ಪಕ್ಕದಲ್ಲಿ ನಿಂತಿದ್ದ ಮುಳಬಾಗಿಲಿನ ಹುಡುಗ, ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು ಅಷ್ಟೆ, ಮೆಲ್ಲಗೆ ಕೇಳಿದ: "ಅಕ್ಕಾ, ಬ್ಯಾಚ್ ಹೋಯ್ತಾ?"

ಬ್ಯಾಚ್ ಹೋಗಿರಲಿಲ್ಲ. ಲಸಿಕೆ ಚೆನ್ನಾಗೇ ಇತ್ತು. ಕೆಟ್ಟಿದ್ದು ಪ್ಲೇಟ್ ತೊಳೆಯುವ ಉಪ್ಪಿನ ದ್ರವ, ಅಂದರೆ ವಾಶ್ ಬಫರ್, ಅದೂ ಯಾರೋ ಒಳ್ಳೆಯದಾಗಲಿ ಅಂತ ಹಾಕಿದ ಒಂದು ಚಿಟಿಕೆ ಪುಡಿಯಿಂದ. ಆ ಕಥೆ ಕೆಳಗೆ ಬರುತ್ತದೆ.

ನಮ್ಮಮ್ಮ ಬಂಗಾರಪೇಟೆ ಹತ್ತಿರದ ಊರಲ್ಲಿ ದಿನಾ ಡೇರಿಗೆ ಹಾಲು ಹಾಕುತ್ತಾರೆ. ಒಂದು ದಿನ ಫ್ಯಾಟ್ ಕಡಿಮೆ ಬಂದರೆ ಅವರು ಹಸುವನ್ನು ಬೈಯುವುದಿಲ್ಲ. ಹಾಲು ಕಲಕಿ ಸ್ಯಾಂಪಲ್ ತೆಗೆದರಾ, ಮೆಷಿನ್ ತೊಳೆದಿದ್ದರಾ, ನಮ್ಮ ಮುಂಚೆ ಯಾರ ಹಾಲು ಇತ್ತು ಅಂತ ಕೇಳುತ್ತಾರೆ. ನಾನು ಲ್ಯಾಬಿನಲ್ಲಿ ಮಾಡುವುದೂ ಅದನ್ನೇ, ಬಿಳಿ ಕೋಟು ಹಾಕಿಕೊಂಡು.

ಇಲ್ಲಿ ಉದಾಹರಣೆಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಇಟ್ಟುಕೊಂಡಿದ್ದೇನೆ. ವೈರಸ್ಸಿನ ಮೇಲ್ಮೈ ಪ್ರೋಟೀನಿನ ಜೀನನ್ನು ಯೀಸ್ಟ್ ಒಳಗೆ ಸೇರಿಸಿ ಪ್ರೋಟೀನ್ ಬೆಳೆಸುತ್ತಾರೆ. ಇಂಥ ಮೊದಲ ಲಸಿಕೆಗೆ ಅಮೆರಿಕದಲ್ಲಿ 1986ರಲ್ಲಿ ಪರವಾನಗಿ ಸಿಕ್ಕಿತು. ನಮ್ಮಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಶಾನ್‌ವ್ಯಾಕ್ ಬಿ ತಂದಿತು. 226 ಅಮೈನೊ ಆಮ್ಲಗಳ ಈ ಪ್ರೋಟೀನ್ ತಾನಾಗಿಯೇ ಗುಂಪುಗೂಡಿ ಸುಮಾರು 22 ನ್ಯಾನೊಮೀಟರ್ ಉಂಡೆಯಾಗುತ್ತದೆ. ಅದನ್ನು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಕಣಗಳಿಗೆ ಅಂಟಿಸಿ ವಯಲ್ಲಿಗೆ ತುಂಬುತ್ತಾರೆ. ದೊಡ್ಡವರ ಡೋಸ್ ಸಾಮಾನ್ಯವಾಗಿ 1 ಮಿಲಿಯಲ್ಲಿ 20 ಮೈಕ್ರೋಗ್ರಾಂ.

ಅದರಲ್ಲಿ ಸರಿಯಾದ ಆಕಾರದ ಪ್ರೋಟೀನ್ ಎಷ್ಟಿದೆ ಅಂತ ನೋಡುವುದು ಸ್ಯಾಂಡ್‌ವಿಚ್ ಎಲೈಸಾದಲ್ಲಿ. ವೆಲ್ಲಿನ ತಳದಲ್ಲಿ ಲಸಿಕೆಯ ಪ್ರೋಟೀನನ್ನು ಹಿಡಿಯುವ ಆಂಟಿಬಾಡಿ (ಪ್ರತಿಕಾಯ), ನಡುವೆ ಲಸಿಕೆಯ ಪ್ರೋಟೀನ್, ಮೇಲೆ ಎಚ್‌ಆರ್‌ಪಿ ಅನ್ನುವ ಕಿಣ್ವ ಹೊತ್ತ ಇನ್ನೊಂದು ಆಂಟಿಬಾಡಿ, ಅಂದರೆ ಕಾಂಜುಗೇಟ್. ಟಿಎಂಬಿ ಅನ್ನುವ ಸಬ್‌ಸ್ಟ್ರೇಟ್ ಹಾಕಿದರೆ ನೀಲಿ, ಸ್ಟಾಪ್ ಸಲ್ಯೂಷನ್ ಅನ್ನುವ ಆಸಿಡ್ ಹಾಕಿ ನಿಲ್ಲಿಸಿದರೆ ಹಳದಿ, ಆ ಹಳದಿಯನ್ನು ರೀಡರ್ ಯಂತ್ರ 450 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆದು ಓಡಿ ಅನ್ನುವ ಅಂಕಿ ಕೊಡುತ್ತದೆ. ಸ್ಟಾಕ್‌ಹೋಮ್‌ನಲ್ಲಿ ಎಂಗ್ವಾಲ್ ಮತ್ತು ಪರ್ಲ್‌ಮನ್ ಎಲೈಸಾ ಪ್ರಕಟಿಸಿದ್ದು 1971ರಲ್ಲಿ. ಅಂದಿನಿಂದ ಇಂದಿನವರೆಗೆ ಅದು ಕೈಕೊಡುವ ರೀತಿ ಹೆಚ್ಚೇನೂ ಬದಲಾಗಿಲ್ಲ.

ಏನೇ ಆಗಲಿ, ಮೊದಲು ಯಾವುದನ್ನೂ ಎಸೆಯಬೇಡಿ

ಪ್ಲೇಟ್ ಕೆಟ್ಟಿತು ಅಂತ ಗೊತ್ತಾದ ತಕ್ಷಣ ಕೈ ಕಸದ ಡಬ್ಬದ ಕಡೆ ಹೋಗುತ್ತದೆ. ತಡೆಯಿರಿ. ಪ್ಲೇಟ್, ಲಸಿಕೆಯನ್ನು ತೆಳು ಮಾಡಿದ (ಡೈಲ್ಯೂಷನ್) ಉಳಿದ ಟ್ಯೂಬುಗಳು, ಬಫರ್ ಬಾಟಲಿ, ಬಳಸಿದ ವಯಲ್ ಎಲ್ಲವನ್ನೂ ಇಟ್ಟುಕೊಳ್ಳಿ. ಪ್ಲೇಟನ್ನು ಬಿಳಿ ಕಾಗದದ ಮೇಲಿಟ್ಟು ಒಂದು ಫೋಟೊ ತೆಗೆಯಿರಿ. ಹಳದಿ ಬಣ್ಣ ನಾಳೆಗೆ ಹಾಗೇ ಉಳಿಯುವುದಿಲ್ಲ. ಟ್ಯೂಬುಗಳನ್ನು ಎಸೆದುಬಿಟ್ಟರೆ, ತಪ್ಪು ಡೈಲ್ಯೂಷನ್‌ನಲ್ಲಿ ಆಗಿತ್ತಾ ಪ್ಲೇಟಿನ ಮೇಲೆ ಆಗಿತ್ತಾ ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಹೊಸ ಟಿಎಂಬಿ, ಹೊಸ ಬಫರ್, ಹೊಸ ಪ್ಲೇಟ್ ಮೂರನ್ನೂ ಒಟ್ಟಿಗೆ ಹಾಕಿದರೆ ಫಲಿತಾಂಶ ಸರಿಹೋಗಬಹುದು, ಕಾರಣ ಮಾತ್ರ ಸಿಗುವುದಿಲ್ಲ. ಮುಂದಿನ ತಿಂಗಳು ಅದೇ ರೋಗ ಮತ್ತೆ ಬರುತ್ತದೆ.

"ಬಣ್ಣವೇ ಬರಲಿಲ್ಲ"

ಮೊದಲು ಕಣ್ಣಿನಿಂದ ನೋಡಿ. ಪ್ಲೇಟ್ ಕಣ್ಣಿಗೆ ಹಳದಿಯಾಗಿದೆ, ರೀಡರ್ ಮಾತ್ರ 0.1 ಅನ್ನುತ್ತಿದೆ ಅಂದರೆ ದೋಷ ಫಿಲ್ಟರಿನಲ್ಲಿ. ಹಿಂದಿನ ಶಿಫ್ಟಿನವರು 620 ಅಥವಾ 650ರಲ್ಲಿ ಓದಿಸಿ ಸೆಟ್ಟಿಂಗ್ ಹಾಗೇ ಬಿಟ್ಟಿರುತ್ತಾರೆ. ಖರ್ಚು ಸೊನ್ನೆ, ಸಮಯ ಒಂದು ನಿಮಿಷ. ಬಣ್ಣ ಹಸಿರು ಹಸಿರಾಗಿದ್ದರೆ ಸ್ಟಾಪ್ ಸಲ್ಯೂಷನ್ ಕಡಿಮೆ ಬಿದ್ದಿದೆ ಅಥವಾ ಸರಿಯಾಗಿ ಬೆರೆತಿಲ್ಲ. ಪ್ಲೇಟನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ.

ನಿಜಕ್ಕೂ ಬಣ್ಣ ಇಲ್ಲ ಅಂದರೆ, ಒಂದು ಸಣ್ಣ ಟ್ಯೂಬಿನಲ್ಲಿ 100 ಮೈಕ್ರೋಲೀಟರ್ ಟಿಎಂಬಿ ತೆಗೆದುಕೊಂಡು ಒಂದೆರಡು ಮೈಕ್ರೋಲೀಟರ್ ಕಾಂಜುಗೇಟ್ ಹಾಕಿ. ತಕ್ಷಣ ನೀಲಿಯಾದರೆ ಎರಡೂ ಜೀವಂತ. ಆಗದಿದ್ದರೆ ಇನ್ನೊಂದು ಬಾಟಲಿ ಟಿಎಂಬಿಯಲ್ಲಿ ಅದೇ ಮಾಡಿ. ಈಗ ನೀಲಿಯಾದರೆ ಹಳೆ ಟಿಎಂಬಿ ಸತ್ತಿದೆ. ಆಗಲೂ ಆಗದಿದ್ದರೆ ಕಾಂಜುಗೇಟ್ ಸತ್ತಿದೆ. ಎಚ್‌ಆರ್‌ಪಿ ಕಾಂಜುಗೇಟನ್ನು ಸುಮ್ನೆ ಡೀಪ್ ಫ್ರೀಜರಿನಲ್ಲಿ ಇಟ್ಟು, ಕರಗಿಸಿ, ಮತ್ತೆ ಇಡುವ ಅಭ್ಯಾಸ ಹಲವರಿಗಿದೆ. ಪ್ರತಿ ಸಲವೂ ಅದರ ಶಕ್ತಿ ಸ್ವಲ್ಪ ಸ್ವಲ್ಪ ಹೋಗುತ್ತದೆ. ಫ್ರಿಜ್ಜಿನಲ್ಲಿಡಬೇಕಾ ಫ್ರೀಜರಿನಲ್ಲಿಡಬೇಕಾ ಅಂತ ಬಾಟಲಿಯ ಚೀಟಿ ಓದಿ.

ಈ ಟ್ಯೂಬ್ ಪರೀಕ್ಷೆ ನಮ್ಮ ಆ ಸಂಜೆಯ ಪ್ಲೇಟಿನಲ್ಲಿ ಪಾಸಾಯಿತು. ಎರಡೂ ಜೀವಂತ, ಆದರೂ ಪ್ಲೇಟಿನಲ್ಲಿ ಬಣ್ಣ ಇಲ್ಲ! ಆಗ ಅದೇ ಟ್ಯೂಬ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಕಾಂಜುಗೇಟನ್ನು ಈ ಸಲ ನಮ್ಮ ವಾಶ್ ಬಫರಿನಲ್ಲಿ ಬೆರೆಸಿ ಹಾಕಿದೆ. ನೀಲಿ ಬರಲಿಲ್ಲ. ವಿಚಾರಿಸಿದರೆ, ಬಫರಿನಲ್ಲಿ ಬೂಸ್ಟು ಬರುತ್ತಿದೆ ಅಂತ ಯಾರೋ ಸೋಡಿಯಂ ಅಜೈಡ್ ಹಾಕಿದ್ದರು. ಅಜೈಡ್ ಬೂಸ್ಟನ್ನು ತಡೆಯುವುದು ನಿಜ, ಆದರೆ ಎಚ್‌ಆರ್‌ಪಿಯ ಕೈಯನ್ನೂ ಕಟ್ಟಿಹಾಕುತ್ತದೆ. ಎಚ್‌ಆರ್‌ಪಿ ಇರುವ ಕಡೆ ಅಜೈಡ್ ಬೇಡವೇ ಬೇಡ. ಬಫರಿನಲ್ಲಿ ಬೂಸ್ಟು ಬಂದರೆ ಚೆಲ್ಲಿ ಹೊಸದು ಮಾಡಿ, ಉಪ್ಪು ಮತ್ತು ಟ್ವೀನ್ (ಒಂದು ಡಿಟರ್ಜೆಂಟ್) ಅಷ್ಟೇನೂ ದುಬಾರಿ ಅಲ್ಲ.

ಇದೂ ಅಲ್ಲದಿದ್ದರೆ ಉಳಿದದ್ದು ಕೋಟಿಂಗ್, ಅಂದರೆ ತಳದ ಆಂಟಿಬಾಡಿಯನ್ನು ವೆಲ್ಲಿಗೆ ಅಂಟಿಸುವುದು. ಸಾಮಾನ್ಯವಾಗಿ ಪಿಎಚ್ 9.6ರ ಕಾರ್ಬೊನೇಟ್ ಬಫರಿನಲ್ಲಿ, ಮಿಲಿಗೆ 1ರಿಂದ 10 ಮೈಕ್ರೋಗ್ರಾಂ ಆಂಟಿಬಾಡಿ, ರಾತ್ರಿಯೆಲ್ಲಾ 4 ಡಿಗ್ರಿಯಲ್ಲಿ. ಪಿಎಚ್ ಮೀಟರ್ ಹಾಕಿ ನೋಡಿ. ಪ್ಲೇಟಿನ ಕವರ್ ಮೇಲಿನ ಹೆಸರನ್ನೂ ನೋಡಿ. ಸೆಲ್ ಕಲ್ಚರ್ ಪ್ಲೇಟನ್ನೇ ಎಲೈಸಾ ಪ್ಲೇಟ್ ಅಂದುಕೊಂಡು ಬಳಸಿದವರನ್ನು ನಾನು ನೋಡಿದ್ದೇನೆ. ಮೇಲಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

"ಎಲ್ಲಾ ವೆಲ್ಲೂ ಹಳದಿ, ಬ್ಲ್ಯಾಂಕ್ ಕೂಡ"

ಬ್ಲ್ಯಾಂಕ್ ಅಂದರೆ ಲಸಿಕೆಯನ್ನೇ ಹಾಕದ ವೆಲ್ಲು. ಬಣ್ಣ ಬರದಿರುವುದಕ್ಕಿಂತ ಇದು ತಲೆನೋವು. ಕಾರಣ ಎಲ್ಲಿ ಬೇಕಾದರೂ ಇರಬಹುದು.

ಟಿಎಂಬಿ ಬಾಟಲಿಯಿಂದ ಶುರು ಮಾಡಿ. ಬಾಟಲಿಯೊಳಗೇ ನೀಲಿ ಛಾಯೆ ಬಂದಿದ್ದರೆ ಯಾರೋ ಬಳಸಿದ ಟಿಪ್ ಅದ್ದಿದ್ದಾರೆ, ಅಥವಾ ತೊಟ್ಟಿಯಲ್ಲಿ ಉಳಿದದ್ದನ್ನು ವಾಪಸ್ ಸುರಿದಿದ್ದಾರೆ. ಎಸೆಯಿರಿ. ಬಾಟಲಿ ಸರಿ ಇದ್ದರೆ ನೀರು ನೋಡಿ.

ನಮ್ಮ ಕಡೆ ನೀರಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಕೋಲಾರ, ಚಿಕ್ಕಬಳ್ಳಾಪುರ ಎರಡೂ ಕಡೆ ವರ್ಷವಿಡೀ ಹರಿಯುವ ನದಿ ಇಲ್ಲ. ಆಳದ ಬೋರ್‌ವೆಲ್ ನೀರು ಗಡುಸು, ಫ್ಲೋರೈಡ್ ಬೇರೆ. ಆ ನೀರು ಆರ್‌ಒ ಯಂತ್ರದ ಕಾರ್ಟ್ರಿಜನ್ನು ಬೇಗ ತಿಂದುಹಾಕುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬಂದರೆ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ, ಅದರ ಕ್ಲೋರಿನ್ ಸ್ವಲ್ಪ ದಾಟಿ ಬಂದರೂ ಟಿಎಂಬಿಯನ್ನು ತಾನೇ ನೀಲಿ ಮಾಡಿಬಿಡುತ್ತದೆ. ಪರೀಕ್ಷೆ ಸುಲಭ: ಏನೂ ಹಾಕದ ಹೊಸ ವೆಲ್ಲಿಗೆ ಸ್ವಲ್ಪ ಲ್ಯಾಬ್ ನೀರು, ಮೇಲೆ ಟಿಎಂಬಿ. ಪಕ್ಕದ ವೆಲ್ಲಿಗೆ ಬರೀ ಟಿಎಂಬಿ. ನೀರು ಇರುವುದು ಮಾತ್ರ ನೀಲಿಯಾದರೆ ನೀರೋ ಪಾತ್ರೆಯೋ ಕೆಟ್ಟಿದೆ. ಯಂತ್ರದ ಮೀಟರ್ 18.2 ಮೆಗಾಓಮ್, ಅಂದರೆ ತೀರಾ ಶುದ್ಧ ನೀರು, ತೋರಿಸುತ್ತಿದೆ ಅಂತ ನಂಬಿ ಕೂರಬೇಡಿ. ಮೀಟರ್ ಹೇಳುವುದು ಯಂತ್ರದ ಬಾಯಿಯ ನೀರಿನ ಬಗ್ಗೆ, ನಿಮ್ಮ ಕ್ಯಾನಿನಲ್ಲಿ ಮೂರು ದಿನದಿಂದ ಕೂತಿರುವ ನೀರಿನ ಬಗ್ಗೆ ಅಲ್ಲ.

ನೀರಾದ ಮೇಲೆ ತೊಳೆಯುವುದು. ನನ್ನ ಅನುಭವದಲ್ಲಿ ಎಲ್ಲಾ ಕಡೆ ಹಳದಿ ಬಂದ ಪ್ಲೇಟುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲೇ ಕೆಟ್ಟಿರುತ್ತವೆ. ವೆಲ್ಲಿಗೆ 300 ಮೈಕ್ರೋಲೀಟರ್ ಅಂಚಿನ ತನಕ ತುಂಬಬೇಕು, ಕನಿಷ್ಠ ಮೂರು ಸಲ, ಕಾಂಜುಗೇಟ್ ಆದ ಮೇಲೆ ಐದು ಸಲ ತೊಳೆದರೂ ನಷ್ಟವಿಲ್ಲ. ಆಮೇಲೆ ಟಿಶ್ಯೂ ಮೇಲೆ ಮಗುಚಿ ತಟ್ಟಬೇಕು. ದೋಸೆ ಮಗುಚಿದ ಹಾಗೆ ನಾಜೂಕಾಗಿ ಅಲ್ಲ, ಸ್ವಲ್ಪ ಜೋರಾಗಿಯೇ. ವಾಶರ್ ಯಂತ್ರ ಇದ್ದರೆ ಒಂದು ಖಾಲಿ ಪ್ಲೇಟಿಗೆ ನೀರು ಹಾಕಿಸಿ ಪಕ್ಕದಿಂದ ನೋಡಿ, ಎಲ್ಲಾ ವೆಲ್ಲಿನಲ್ಲೂ ಮಟ್ಟ ಒಂದೇ ಇದೆಯಾ? ಬಫರಿನ ಉಪ್ಪು ಒಣಗಿ ಸೂಜಿ ಕಟ್ಟಿಕೊಳ್ಳುತ್ತದೆ. ದಿನದ ಕೊನೆಗೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಒಂದು ಸುತ್ತು ಓಡಿಸಿ ಹೋದರೆ ಇದು ಬರುವುದಿಲ್ಲ. ಬಸ್ಸು ತಪ್ಪುತ್ತದೆ ಅಂತ ನಾವೂ ಬಿಟ್ಟಿದ್ದೇವೆ, ಮರುದಿನ ಸೂಜಿ ಚುಚ್ಚಿ ಚುಚ್ಚಿ ತೆಗೆದಿದ್ದೇವೆ.

ಇಷ್ಟಾದರೂ ಹೋಗದಿದ್ದರೆ ಒಂದು ಸಾಲು ಖರ್ಚು ಮಾಡಿ ಬಿಟ್ಟು ಬಿಟ್ಟು ನೋಡುವ ಆಟ ಆಡಿ. ಒಂದು ವೆಲ್ಲಿನಲ್ಲಿ ಲಸಿಕೆ ಬಿಡಿ, ಒಂದರಲ್ಲಿ ತಳದ ಆಂಟಿಬಾಡಿ ಬಿಡಿ, ಒಂದರಲ್ಲಿ ಕಾಂಜುಗೇಟ್ ಬಿಡಿ. ಕಾಂಜುಗೇಟ್ ಇಲ್ಲದ ವೆಲ್ಲೂ ಹಳದಿ ಅಂದರೆ ಟಿಎಂಬಿ ಅಥವಾ ಪ್ಲೇಟು. ಲಸಿಕೆ ಇಲ್ಲದೆಯೂ ಹಳದಿ ಅಂದರೆ ಬ್ಲಾಕಿಂಗ್ (ವೆಲ್ಲಿನ ಖಾಲಿ ಜಾಗವನ್ನು ಬೇರೆ ಪ್ರೋಟೀನಿನಿಂದ ಮುಚ್ಚುವುದು) ಸಾಲದು, ಕಾಂಜುಗೇಟ್ ತೀರಾ ಗಟ್ಟಿ, ಇಲ್ಲವೇ ಮೇಲಿನ ಆಂಟಿಬಾಡಿ ತಳದ ಆಂಟಿಬಾಡಿಯನ್ನೇ ಹಿಡಿಯುತ್ತಿದೆ. ತಳದ ಆಂಟಿಬಾಡಿ ಇಲ್ಲದೆಯೂ ಲಸಿಕೆ ಹಾಕಿದಾಗ ಮಾತ್ರ ಹಳದಿ ಅಂದರೆ ಲಸಿಕೆ ನೇರವಾಗಿ ಪ್ಲಾಸ್ಟಿಕ್ಕಿಗೆ ಅಂಟುತ್ತಿದೆ, ಅಲ್ಯೂಮಿನಿಯಂ ಕಣಗಳಿದ್ದರೆ ಇದು ಸಾಮಾನ್ಯ.

ಬ್ಲಾಕಿಂಗಿಗೆ ಹಾಲಿನ ಪುಡಿ ಬಳಸುವವರಿಗೆ ಒಂದು ಮಾತು. ಹಾಲಿನ ಜಿಲ್ಲೆಯವರು ನಾವು, ಹಾಲನ್ನು ಬೈಯಲು ಮನಸ್ಸಿಲ್ಲ. ಆದರೆ ಹಾಲಿನಲ್ಲಿ ಬಯೋಟಿನ್ ಇದೆ. ನಿಮ್ಮ ಎಲೈಸಾದಲ್ಲಿ ಬಯೋಟಿನ್–ಸ್ಟ್ರೆಪ್ಟಾವಿಡಿನ್ ಅನ್ನುವ, ಒಂದನ್ನೊಂದು ಗಟ್ಟಿಯಾಗಿ ಹಿಡಿಯುವ ಜೋಡಿ ಇದ್ದರೆ ಹಾಲು ಬಿಟ್ಟು ಬಿಎಸ್‌ಎಗೆ (ದನದ ಸೀರಂನ ಪ್ರೋಟೀನ್) ಹೋಗಿ.

"ಜೋಡಿ ವೆಲ್ಲುಗಳು ಒಂದಕ್ಕೊಂದು ಹೊಂದುತ್ತಿಲ್ಲ"

ಒಂದೇ ಸ್ಯಾಂಪಲ್, ಒಂದು ವೆಲ್ಲಿನಲ್ಲಿ 1.2, ಪಕ್ಕದಲ್ಲಿ 0.7. ಇಲ್ಲಿ ಅಂಕಿಗಳ ಪಟ್ಟಿ ನೋಡುತ್ತಾ ಕೂರಬೇಡಿ. ಕಾಗದದ ಮೇಲೆ ಚೌಕಾಬಾರದ ಮನೆಗಳ ಹಾಗೆ 8 ಸಾಲು, 12 ಕಂಬ ಎಳೆದು, ಎಲ್ಲೆಲ್ಲಿ ಜಾಸ್ತಿ ಬಂತೋ ಅಲ್ಲಿ ಪೆನ್ಸಿಲ್ಲಿನಲ್ಲಿ ಕಪ್ಪು ಮಾಡಿ. ಆಕಾರವೇ ಕಾರಣ ಹೇಳುತ್ತದೆ.

ಇಡೀ ಒಂದು ಸಾಲು ಕಡಿಮೆ ಇದ್ದರೆ ಒಟ್ಟಿಗೆ ಎಂಟು ವೆಲ್ಲಿಗೆ ಹಾಕುವ ಮಲ್ಟಿಚಾನೆಲ್ ಪಿಪೆಟ್ಟಿನ ಒಂದು ಟಿಪ್ ಸಡಿಲ. ಒಂದು ಕಂಬ ಮಾತ್ರ ಬೇರೆ ಅಂದರೆ ಆ ಕಂಬಕ್ಕೆ ಏನೋ ತಪ್ಪಿಹೋಗಿದೆ ಅಥವಾ ಎರಡು ಸಲ ಬಿದ್ದಿದೆ. ಎಡದಿಂದ ಬಲಕ್ಕೆ ನಿಧಾನವಾಗಿ ಇಳಿಯುತ್ತಾ ಹೋದರೆ ನೀವು ಹಾಕುವುದು ನಿಧಾನ, ಮೊದಲ ಕಂಬಕ್ಕೆ ಸಿಕ್ಕ ಸಮಯ ಕೊನೆಯದಕ್ಕೆ ಸಿಗಲಿಲ್ಲ. ಸ್ಟಾಪ್ ಸಲ್ಯೂಷನನ್ನೂ ಅದೇ ಕ್ರಮದಲ್ಲಿ, ಅದೇ ವೇಗದಲ್ಲಿ ಹಾಕಿದರೆ ಇದು ಸರಿಹೋಗುತ್ತದೆ. ಅಲ್ಲೊಂದು ಇಲ್ಲೊಂದು ಚುಕ್ಕಿ ಅಂದರೆ ಗುಳ್ಳೆ, ತಳದಲ್ಲಿ ಬೆರಳಿನ ಗುರುತು, ಇಲ್ಲವೇ ತೊಳೆಯುವಾಗ ಉಳಿದ ಹನಿ. ಗುಳ್ಳೆಯನ್ನು ಸ್ವಚ್ಛ ಸೂಜಿಯಲ್ಲಿ ಒಡೆದು, ತಳ ಒರೆಸಿ, ಇನ್ನೊಮ್ಮೆ ಓದಿಸಿ.

ಸುತ್ತಲಿನ ಅಂಚಿನ 36 ವೆಲ್ಲುಗಳು ಮಾತ್ರ ಬೇರೆ ಅಂದರೆ ಕಾರಣ ಬಿಸಿ ಅಥವಾ ಆವಿ. ಡಿಸೆಂಬರ್, ಜನವರಿ ಬೆಳಗ್ಗೆ ನಂದಿ ಬೆಟ್ಟದ ಈ ಕಡೆಯ ಚಳಿ ಗೊತ್ತಲ್ವಾ? ಫ್ರಿಜ್ಜಿನಿಂದ ತೆಗೆದ ಪ್ಲೇಟನ್ನು ನೇರವಾಗಿ 37 ಡಿಗ್ರಿ ಇನ್‌ಕ್ಯುಬೇಟರಿಗೆ ಇಟ್ಟರೆ ಅಂಚು ಮೊದಲು ಕಾಯುತ್ತದೆ, ನಡು ತಣ್ಣಗೇ ಇರುತ್ತದೆ. ನಾಲ್ಕು ಪ್ಲೇಟು ಒಂದರ ಮೇಲೊಂದು ಪೇರಿಸಿದರೆ ಇನ್ನೂ ಕೆಟ್ಟದು. ಅರ್ಧ ಗಂಟೆ ಹೊರಗಿಟ್ಟು, ಸೀಲರ್ ಅಂಟಿಸಿ, ಒದ್ದೆ ಟಿಶ್ಯೂ ಇರುವ ಡಬ್ಬದಲ್ಲಿ ಒಂದೊಂದಾಗಿ ಇಡಿ. ಎಸಿ ಗಾಳಿ ನೇರವಾಗಿ ಬೆಂಚಿನ ಮೇಲೆ ಬೀಳುತ್ತಿದೆಯಾ ಅಂತ ಒಂದು ಕಾಗದದ ಚೂರು ಹಿಡಿದು ನೋಡಿ. ನಮ್ಮಲ್ಲಿ ಬೀಳುತ್ತಿತ್ತು. ಬೆಂಚನ್ನೇ ಎರಡಡಿ ಸರಿಸಿದೆವು.

ಇದ್ಯಾವುದೂ ಅಲ್ಲದಿದ್ದರೆ ಪಿಪೆಟ್. 100 ಮೈಕ್ರೋಲೀಟರ್ ನೀರನ್ನು ಹತ್ತು ಸಲ ತಕ್ಕಡಿಯ ಮೇಲೆ ಬಿಡಿ. 25 ಡಿಗ್ರಿಯಲ್ಲಿ ಪ್ರತಿ ಸಲ ಸುಮಾರು 99.7 ಮಿಲಿಗ್ರಾಂ ಬರಬೇಕು. ಒಂದು ಹಂತಕ್ಕೆ ಬರೀ 3 ಶೇಕಡಾ ತಪ್ಪು ಅಂದರೂ, ಒಂದೇ ಕಡೆಗೆ ಐದು ಹಂತ ಹೋದರೆ ಸುಮಾರು 16 ಶೇಕಡಾ ಆಗುತ್ತದೆ. 1 ಮೈಕ್ರೋಲೀಟರ್ ತೆಗೆದು 999ಕ್ಕೆ ಹಾಕುವ ಸಾಹಸವಂತೂ ಬೇಡ. 10ನ್ನು 990ಕ್ಕೆ ಹಾಕಿ, ಆಮೇಲೆ ಅದರಿಂದ ಮುಂದಕ್ಕೆ, ಪ್ರತಿ ಹಂತಕ್ಕೂ ಹೊಸ ಟಿಪ್.

"ಸ್ಟ್ಯಾಂಡರ್ಡ್ ಸರಿ ಇದೆ, ಲಸಿಕೆ ಮಾತ್ರ ಕಡಿಮೆ"

ಇದೇ ನಿಜವಾಗಿ ಎದೆ ಡವಗುಟ್ಟಿಸುವ ಲಕ್ಷಣ. ಪ್ಲೇಟ್ ಚೆನ್ನಾಗಿದೆ, ಉತ್ತರ ಮೊದಲೇ ಗೊತ್ತಿರುವ ಸ್ಟ್ಯಾಂಡರ್ಡ್, ಕಂಟ್ರೋಲ್ ಸ್ಯಾಂಪಲ್ಲುಗಳೂ ಚೆನ್ನಾಗಿವೆ, ನಿಮ್ಮ ಬ್ಯಾಚ್ ಮಾತ್ರ ಕೆಳಗೆ ಬಿದ್ದಿದೆ.

ಅಮ್ಮನ ಮೊದಲ ಪ್ರಶ್ನೆ ನೆನಪಿಸಿಕೊಳ್ಳಿ: ಕಲಕಿ ತೆಗೆದರಾ? ಹಾಲಿನಲ್ಲಿ ಕೆನೆ ಮೇಲೆ ಬರುತ್ತದೆ, ಈ ಲಸಿಕೆಯಲ್ಲಿ ಉಲ್ಟಾ, ಬೇಕಾದ ಮಾಲು ಅಲ್ಯೂಮಿನಿಯಂ ಕಣಗಳ ಜೊತೆ ತಳಕ್ಕೆ ಕೂರುತ್ತದೆ. ಫ್ರಿಜ್ಜಿನಿಂದ ತೆಗೆದು ಮೇಲಿನ ತಿಳಿಯನ್ನು ಹೀರಿದರೆ ಪೊಟೆನ್ಸಿ (ಲಸಿಕೆಯ ಅಳೆದ ಶಕ್ತಿ) ಬೀಳುತ್ತದೆ, ತಳದಿಂದ ಹೀರಿದರೆ ಏರುತ್ತದೆ. ವಯಲ್ಲನ್ನು ನಿಧಾನವಾಗಿ ಹತ್ತಿಪ್ಪತ್ತು ಸಲ ಮಗುಚಿ, ಇಡೀ ದ್ರವ ಒಂದೇ ಸಮ ಬೆಳ್ಳಗಾದ ತಕ್ಷಣ ತೆಗೆಯಿರಿ. ಒಂದೇ ಬ್ಯಾಚಿನ ಎರಡು ವಯಲ್ ಬೇರೆ ಬೇರೆ ಬರುತ್ತಿದ್ದರೆ ನಾನು ಮೊದಲು ಅನುಮಾನಿಸುವುದು ಇದನ್ನೇ.

ಎರಡನೆಯದು ಬಿಡಿಸುವ ಹಂತ. ಕಣಕ್ಕೆ ಅಂಟಿಕೊಂಡಿರುವ ಪ್ರೋಟೀನನ್ನು ಆಂಟಿಬಾಡಿ ಪೂರ್ತಿ ಹಿಡಿಯಲಾರದು. ಅದಕ್ಕೇ ಹಲವು ವಿಧಾನಗಳಲ್ಲಿ ಫಾಸ್ಫೇಟ್, ಸಿಟ್ರೇಟ್ ಅಥವಾ ಡಿಟರ್ಜೆಂಟ್ ಹಾಕಿ ಅದನ್ನು ಮೊದಲು ಬಿಡಿಸುತ್ತಾರೆ. ಬಿಡಿಸುವ ಸಮಯ ಕಡಿಮೆಯಾದರೆ, ಬಫರ್ ಹಳತಾದರೆ, ತಣ್ಣಗಿದ್ದರೆ ಅರ್ಧ ಪ್ರೋಟೀನ್ ಕಣದ ಮೇಲೇ ಉಳಿದು ಲೆಕ್ಕಕ್ಕೆ ಬರುವುದಿಲ್ಲ. ಹಳೆಯ ವಯಲ್ಲಿನಲ್ಲಿ ಪ್ರೋಟೀನ್ ಕಣಕ್ಕೆ ಇನ್ನೂ ಗಟ್ಟಿಯಾಗಿ ಅಂಟಿರಬಹುದು. ಹಾಗಾಗಿ ಸ್ಟೆಬಿಲಿಟಿ ಸ್ಯಾಂಪಲ್ (ಎಷ್ಟು ದಿನ ಬಾಳುತ್ತದೆ ಅಂತ ಇಟ್ಟು ನೋಡುವ ವಯಲ್) ತಿಂಗಳು ತಿಂಗಳು ಇಳಿಯುತ್ತಿದೆ ಅಂದಾಗ ಪ್ರೋಟೀನ್ ಕೆಡುತ್ತಿದೆಯೋ ಬಿಡಿಸುವುದು ಕಷ್ಟವಾಗುತ್ತಿದೆಯೋ ಅಂತ ಬೇರೆ ಮಾಡಿ ನೋಡಬೇಕು. ಬಿಡಿಸಿದ ಮೇಲೆ ಸೆಂಟ್ರಿಫ್ಯೂಜ್ ಮಾಡಿ, ತಳದ ಗಷ್ಟಿಗೆ ಇನ್ನೊಮ್ಮೆ ಬಿಡಿಸುವ ಬಫರ್ ಹಾಕಿ, ಅದರಲ್ಲೂ ಎಲೈಸಾ ಮಾಡಿ. ಅಲ್ಲಿ ಗಣನೀಯವಾಗಿ ಬಂದರೆ ಮೊದಲ ಸಲ ಪೂರ್ತಿ ಬಿಟ್ಟಿರಲಿಲ್ಲ.

ಮೂರನೆಯದು ಟ್ಯೂಬು. ತುಂಬಾ ತೆಳುವಾದ ಡೈಲ್ಯೂಷನ್‌ನಲ್ಲಿ ಪ್ರೋಟೀನ್ ಪ್ಲಾಸ್ಟಿಕ್ ಗೋಡೆಗೇ ಅಂಟಿ ಮಾಯವಾಗುತ್ತದೆ. ತೆಳು ಮಾಡುವ ದ್ರವದಲ್ಲಿ (ಡೈಲ್ಯೂಯೆಂಟ್) ಸ್ವಲ್ಪ ಬಿಎಸ್‌ಎ ಮತ್ತು ಟ್ವೀನ್ ಇದೆಯಾ ನೋಡಿ. ಮಾಡಿಟ್ಟ ಡೈಲ್ಯೂಷನನ್ನು ಊಟ ಮುಗಿಸಿಕೊಂಡು ಬಂದು ಹಾಕುವುದು ಬೇಡ.

ನಾಲ್ಕನೆಯದು ಚಳಿ. ಈ ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಹೆಪ್ಪುಗಟ್ಟಬಾರದು. ಫ್ರಿಜ್ಜಿನ ಹಿಂದಿನ ಗೋಡೆಗೆ ಒತ್ತಿಕೊಂಡಿದ್ದ ವಯಲ್ ರಾತ್ರಿ ಹೆಪ್ಪುಗಟ್ಟಿ ಬೆಳಗ್ಗೆ ಕರಗಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಆರೋಗ್ಯ ಇಲಾಖೆಯವರು ಹಳ್ಳಿಗಳಲ್ಲಿ ಮಾಡುವ ಶೇಕ್ ಟೆಸ್ಟ್ ಇಲ್ಲಿಯೂ ಸುಳಿವು ಕೊಡುತ್ತದೆ. ಅದೇ ಬ್ಯಾಚಿನ ಒಂದು ವಯಲ್ಲನ್ನು ಬೇಕೆಂದೇ ಪೂರ್ತಿ ಹೆಪ್ಪುಗಟ್ಟಿಸಿ ಕರಗಿಸಿ. ಅದನ್ನೂ ಅನುಮಾನದ ವಯಲ್ಲನ್ನೂ ಒಟ್ಟಿಗೆ ಅಲ್ಲಾಡಿಸಿ ಪಕ್ಕಪಕ್ಕ ಇಟ್ಟು ಅರ್ಧ ಗಂಟೆ ನೋಡಿ. ಎರಡೂ ಒಂದೇ ವೇಗದಲ್ಲಿ ಕೆಳಗೆ ಕೂತರೆ ನಿಮ್ಮದೂ ಹೆಪ್ಪುಗಟ್ಟಿತ್ತು. ಒಂದು ಎಚ್ಚರ: ಹೆಪ್ಪುಗಟ್ಟಿದ ಲಸಿಕೆಯ ಎಲೈಸಾ ಕೆಲವು ಸಲ ಚೆನ್ನಾಗೇ ಬರಬಹುದು. ಅಷ್ಟಕ್ಕೆ ಅದನ್ನು ಒಳ್ಳೆಯದು ಅನ್ನಬೇಡಿ, ಹೆಪ್ಪುಗಟ್ಟಿದ್ದು ಹೋಯಿತು ಅಂತಲೇ ಲೆಕ್ಕ.

ಇವೆಲ್ಲಾ ಸರಿ ಇದ್ದರೆ ಮಾತ್ರ ಪ್ರೋಟೀನಿನ ಕಡೆ ಬೆರಳು ತೋರಿಸಿ. ಒಳ್ಳೆಯ ಆಂಟಿಬಾಡಿ ಹಿಡಿಯುವುದು ಪ್ರೋಟೀನಿನ ಆಕಾರವನ್ನು. ಹೆಪಟೈಟಿಸ್ ಬಿ ಪ್ರೋಟೀನಿನಲ್ಲಿ 'ಎ' ಡಿಟರ್ಮಿನೆಂಟ್ ಅನ್ನುವ ಜಾಗ ಇದೆ, ಅಂದಾಜು 124ರಿಂದ 147ನೇ ಅಮೈನೊ ಆಮ್ಲದವರೆಗೆ. ಅದರ ಮಡಿಕೆಯನ್ನು ಹಿಡಿದಿಟ್ಟಿರುವುದು ಗಂಧಕದ ಸೇತುವೆಗಳು, ಅಂದರೆ ಡೈಸಲ್ಫೈಡ್ ಬಂಧಗಳು. ಅವು ಕಳಚಿದರೆ ಪ್ರೋಟೀನ್ ಅಷ್ಟೇ ಇರುತ್ತದೆ, ಆಂಟಿಬಾಡಿ ಮಾತ್ರ ಗುರುತು ಹಿಡಿಯುವುದಿಲ್ಲ. ಹಾಗಾಗಿ ಅಲ್ಯೂಮಿನಿಯಂ ಸೇರಿಸುವ ಮುಂಚಿನ ಬಲ್ಕ್ ತೆಗೆದುಕೊಂಡು ಒಟ್ಟು ಪ್ರೋಟೀನನ್ನು ಬೇರೆ ವಿಧಾನದಲ್ಲಿ ಅಳೆಯಿರಿ. ಪ್ರೋಟೀನ್ ಸರಿ ಇದ್ದು ಎಲೈಸಾ ಕಡಿಮೆ ಅಂದರೆ ಆಕಾರ ಹೋಗಿದೆ. ಎರಡೂ ಕಡಿಮೆ ಅಂದರೆ ಪ್ರೋಟೀನೇ ಕಮ್ಮಿ ಇದೆ. ಇಲ್ಲಿಗೆ ನಿಮ್ಮ ಬೆಂಚಿನ ಕೆಲಸ ಮುಗಿಯಿತು, ಮುಂದಿನದು ಪ್ರೊಡಕ್ಷನ್‌ನವರ ಜೊತೆ ಕೂತು ಮಾತಾಡುವುದು.

"ಡೈಲ್ಯೂಟ್ ಮಾಡಿದಷ್ಟೂ ಜಾಸ್ತಿ ಬರುತ್ತಿದೆ"

ವಿಚಿತ್ರ ಅನ್ನಿಸಿದರೂ ಇದು ಹಳೆಯ ಕಾಯಿಲೆ, ಹುಕ್ ಎಫೆಕ್ಟ್. ಸ್ಯಾಂಪಲ್ ಮತ್ತು ಕಾಂಜುಗೇಟ್ ಒಟ್ಟಿಗೆ ಹಾಕುವ ವಿಧಾನದಲ್ಲಿ ಪ್ರೋಟೀನ್ ತೀರಾ ಜಾಸ್ತಿಯಾದರೆ ತಳದ ಆಂಟಿಬಾಡಿಗೂ ಮೇಲಿನ ಆಂಟಿಬಾಡಿಗೂ ಬೇರೆ ಬೇರೆ ಪ್ರೋಟೀನ್ ಸಿಕ್ಕಿ ಸ್ಯಾಂಡ್‌ವಿಚ್ಚೇ ಆಗುವುದಿಲ್ಲ. ಬಣ್ಣ ಕಡಿಮೆ, ಲೆಕ್ಕವೂ ಕಡಿಮೆ. ಹತ್ತು ಪಟ್ಟು ಡೈಲ್ಯೂಟ್ ಮಾಡಿ, ಗುಣಿಸಿದ ಮೇಲೆ ಉತ್ತರ ಏರಿದರೆ ಇದೇ. ಎರಡು ಹಂತ ಮಾಡಿ, ನಡುವೆ ತೊಳೆಯಿರಿ.

ಓಡಿ 3 ದಾಟಿದ ಅಂಕಿಗಳನ್ನೂ ನಂಬಬೇಡಿ. ಓಡಿ 3 ಅಂದರೆ ಸಾವಿರದಲ್ಲಿ ಒಂದು ಪಾಲು ಬೆಳಕು ಮಾತ್ರ ಆಚೆ ಬರುತ್ತಿದೆ, ಅಷ್ಟರಲ್ಲಿ ರೀಡರ್ ಏನು ತಾನೇ ಅಳೆದೀತು?

ಇನ್ನು ಸಮಾನಾಂತರದ ವಿಷಯ. ಸ್ಟ್ಯಾಂಡರ್ಡಿನ ಗೆರೆ, ಲಸಿಕೆಯ ಗೆರೆ ಎರಡೂ ನೇಗಿಲ ಸಾಲಿನ ಹಾಗೆ ಜೊತೆಜೊತೆಗೆ ಹೋಗಬೇಕು. ಆಗ ಮಾತ್ರ ಇದು ಅದರ ಎಷ್ಟು ಪಾಲು ಅಂತ ಹೇಳಲು ಬರುತ್ತದೆ. ಒಂದನ್ನೊಂದು ಅಡ್ಡ ಹಾಯ್ದರೆ ಸಾಫ್ಟ್‌ವೇರ್ ಒಂದು ಅಂಕಿ ಕೊಟ್ಟೇ ಕೊಡುತ್ತದೆ, ಆದರೆ ಅದಕ್ಕೆ ಅರ್ಥವಿಲ್ಲ. ಡೈಲ್ಯೂಷನ್ ತಪ್ಪಿದ್ದರೂ, ಅಲ್ಯೂಮಿನಿಯಂ ಅಡ್ಡ ಬಂದರೂ, ಪ್ರೋಟೀನ್ ಬದಲಾಗಿದ್ದರೂ ಹೀಗಾಗುತ್ತದೆ. ಆರ್ ಸ್ಕ್ವೇರ್ (ಗೆರೆ ಬಿಂದುಗಳಿಗೆ ಎಷ್ಟು ಹೊಂದಿದೆ ಅನ್ನುವ ಅಂಕಿ) 0.99 ಬಂತು ಅಂತ ಖುಷಿಪಡುವವರು ಗ್ರಾಫನ್ನು ಒಮ್ಮೆ ಕಣ್ಣಿನಿಂದ ನೋಡಿದರೆ ಒಳ್ಳೆಯದು.

"ಹೋದ ತಿಂಗಳು ಸರಿ ಇತ್ತು"

ಏನು ಬದಲಾಯಿತು ಅಂತ ರಿಜಿಸ್ಟರ್ ತೆರೆದು ನೋಡಿ. ಆಂಟಿಬಾಡಿಯ ಲಾಟ್ (ಒಟ್ಟಿಗೆ ತಯಾರಾಗಿ ಬಂದ ಕಂತು), ಪ್ಲೇಟಿನ ಲಾಟ್, ಸ್ಟ್ಯಾಂಡರ್ಡಿನ ಹೊಸ ವಯಲ್, ಕೆಲಸ ಮಾಡಿದವರು. ಹೊಸ ಲಾಟ್ ಬಂದಾಗ ಹಳೆಯದು ಮುಗಿಯುವ ಮುಂಚೆಯೇ ಎರಡನ್ನೂ ಒಂದೇ ಪ್ಲೇಟಿನಲ್ಲಿ ಓಡಿಸಿಟ್ಟುಕೊಂಡರೆ ಈ ಪ್ರಶ್ನೆಯೇ ಬರುವುದಿಲ್ಲ. ಎಸ್ಒಪಿಯಲ್ಲಿ (ಕೆಲಸದ ಲಿಖಿತ ಕ್ರಮ) 'ರೂಂ ಟೆಂಪರೇಚರ್' ಅಂತ ಬರೆದಿದ್ದರೆ ಅದನ್ನು ಹೊಡೆದು ಅಂಕಿ ಬರೆಸಿ. ಜನವರಿಯ ರೂಮೂ ಏಪ್ರಿಲ್‌ನ ರೂಮೂ ಒಂದೇ ಅಲ್ಲ. ಕರೆಂಟ್ ಹೋದ ರಾತ್ರಿಗಳ ಫ್ರಿಜ್ ದಾಖಲೆಯನ್ನೂ ಜೊತೆಗೇ ತೆಗೆಯಿರಿ.

ಎಲ್ಲಿ ನಿಲ್ಲಿಸಬೇಕು

ಇಲ್ಲಿ ಹೇಳಿದ್ದು ಕಲಿಯುವ ಪ್ಲೇಟಿಗೆ, ವಿಧಾನ ಕೂರಿಸುವ ಪ್ಲೇಟಿಗೆ ಧಾರಾಳವಾಗಿ ಮಾಡಿ. ಬಿಡುಗಡೆಯ ಬ್ಯಾಚಿನ ಪರೀಕ್ಷೆ ಮಿತಿಯ ಹೊರಗೆ ಬಂತು ಅಂದರೆ ಆ ಕ್ಷಣಕ್ಕೆ ಕೈ ಎತ್ತಿ ಮೇಲಿನವರಿಗೆ ಹೇಳಿ. ಮೊದಲು ತನಿಖೆ, ಆಮೇಲೆ ಮರುಪರೀಕ್ಷೆ. ಪಾಸಾಗುವ ತನಕ ಮತ್ತೆ ಮತ್ತೆ ಓಡಿಸಿ ಪಾಸಾದದ್ದನ್ನು ಮಾತ್ರ ಬರೆಯುವುದು ದೋಷ ನಿವಾರಣೆ ಅಲ್ಲ, ಮೋಸ. ಗುರುತಿಸಬಹುದಾದ ತಪ್ಪು ಸಿಗಲಿಲ್ಲ ಅಂದರೆ ಕಡಿಮೆ ಬಂದ ಆ ಅಂಕಿ ನಿಲ್ಲುತ್ತದೆ. ಎಷ್ಟೇ ನೋವಾದರೂ ಬ್ಯಾಚ್ ನಿಜಕ್ಕೂ ಕೆಟ್ಟಿರಬಹುದು ಅಂತ ಒಪ್ಪಿಕೊಳ್ಳಬೇಕು. ಅದೇ ಲಸಿಕೆಯನ್ನು ಕಸೌಲಿಯ ಸೆಂಟ್ರಲ್ ಡ್ರಗ್ಸ್ ಲ್ಯಾಬೊರೇಟರಿಯಂಥ ಕಡೆ ಇನ್ನೊಬ್ಬರು ಪರೀಕ್ಷಿಸುತ್ತಾರೆ ಅನ್ನುವುದು ನೆನಪಿರಲಿ.

ರೀಡರಿನ ದೀಪ, ವಾಶರಿನ ಪಂಪು ಅನುಮಾನ ಬಂದರೆ ಸ್ಕ್ರೂಡ್ರೈವರ್ ಹಿಡಿಯಬೇಡಿ. ಪ್ಲಗ್ ತೆಗೆದು ಸರ್ವೀಸ್ ಎಂಜಿನಿಯರಿಗೆ ಫೋನ್ ಮಾಡಿ. ಬೆಂಗಳೂರಿನಿಂದ ಬರುವಷ್ಟರಲ್ಲಿ ಫೋಟೊ, ಚೌಕಾಬಾರದ ಚಿತ್ರ, ಲಾಟ್ ನಂಬರುಗಳನ್ನು ಜೋಡಿಸಿಡಿ, ಅವರ ಅರ್ಧ ದಿನ ಉಳಿಯುತ್ತದೆ.

ಮೈಮೇಲೆ ನಿಗಾ

ಸ್ಟಾಪ್ ಸಲ್ಯೂಷನ್ ಸಲ್ಫ್ಯೂರಿಕ್ ಆಸಿಡ್. ಮಾಡುವಾಗ ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರು ಹಾಕಬೇಡಿ. ಕನ್ನಡಕ, ಗ್ಲೌಸ್ ಹಾಕಿಯೇ ಮುಟ್ಟಿ. ಲಸಿಕೆಯ ಪ್ರೋಟೀನಿನಿಂದ ಕಾಮಾಲೆ ಬರುವುದಿಲ್ಲ, ಆದರೆ ಕಂಟ್ರೋಲ್ ಆಗಿ ಮನುಷ್ಯರ ಸೀರಂ ಬಳಸುತ್ತಿದ್ದರೆ ಅದನ್ನು ಸೋಂಕಿದೆ ಅಂದುಕೊಂಡೇ ಹಿಡಿಯಿರಿ. ನೀವೂ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿರಿ. ಇದನ್ನೇ ಪರೀಕ್ಷೆ ಮಾಡುತ್ತಾ ಹಾಕಿಸಿಕೊಳ್ಳದವರು ಇದ್ದಾರೆ!

ಅಜೈಡ್ ಹಾಕಿದ ಆ ಬಫರನ್ನು ನಾವು ಸಿಂಕಿಗೆ ಸುರಿಯಲಿಲ್ಲ. ತಾಮ್ರ, ಸೀಸದ ಪೈಪಿನಲ್ಲಿ ಅಜೈಡ್ ಕೂತರೆ ಸಿಡಿಯುವ ಲವಣವಾಗುತ್ತದೆ, ಆಸಿಡ್ ತಗುಲಿದರೆ ವಿಷದ ಗಾಳಿ ಬರುತ್ತದೆ. ಚೀಟಿ ಅಂಟಿಸಿ ರಾಸಾಯನಿಕ ತ್ಯಾಜ್ಯಕ್ಕೆ ಕೊಟ್ಟೆವು. ಆ ಪ್ಲೇಟನ್ನು ಹುಡುಗ ಅಭ್ಯಾಸದಂತೆ ಬ್ಲೀಚ್ ಬಕೆಟ್ಟಿಗೆ ಮಗುಚಲು ಹೋದ, ಕೈ ಹಿಡಿದೆ. ಅದರಲ್ಲಿ ಆಗಲೇ ಸ್ಟಾಪ್ ಸಲ್ಯೂಷನ್ ಬಿದ್ದಿತ್ತು. ಆಸಿಡ್ ಮತ್ತು ಬ್ಲೀಚ್ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಮುಚ್ಚಿದ ಎಸಿ ರೂಮಿನಲ್ಲಿ ಅದು ಆಟವಲ್ಲ. ಸ್ಟಾಪ್ ಮಾಡಿದ ಪ್ಲೇಟುಗಳಿಗೆ ಬೇರೆ ಡಬ್ಬ ಇಡಿ, ಮೇಲೆ ಕನ್ನಡದಲ್ಲೇ 'ಆಸಿಡ್ ಇದೆ, ಬ್ಲೀಚ್ ಹಾಕಬೇಡಿ' ಅಂತ ದೊಡ್ಡದಾಗಿ ಬರೆಯಿರಿ. ಸಂಜೆ ಡಬ್ಬ ಎತ್ತುವ ಅಟೆಂಡರ್ ಅಣ್ಣನಿಗೂ ಅದು ಓದಲು ಬರಬೇಕು.